ಕನ್ನಡದಲ್ಲಿ ನೀಡಿದ ಹೇಳಿಕೆ

ನಾನು ಸೇಲಂನಲ್ಲಿ ರಾಜ್ಯಶಾಸ್ತ್ರದ ಅಧ್ಯಾಪಕಿಯಾಗಿ ಸೇರಿದಾಗ ಆ ವಿಷಯ ಏನೆಂಬುದು ನಮ್ಮವ್ವನಿಗೆ ತಿಳಿಯಲಿಲ್ಲ. ಕೆಲಸದಲ್ಲಿದ್ದುಕೊಂಡೇ ಕಾನೂನು ಓದಿ, ಪಿಎಚ್.ಡಿ. ಮುಗಿಸಿ, ಕಾನೂನು ಕಾಲೇಜಿಗೆ ಹೋದ ಮೇಲೆ ಮಾತ್ರ ಆಕೆ ನಮ್ಮೂರು ನಂಗವಳ್ಳಿ ಕಡೆಯ ನೆಂಟರಿಗೆಲ್ಲ "ನಮ್ಮುಡ್ಗಿ ಲಾಯರ್‌ಗಳಿಗೇ ಪಾಠ ಏಳ್ತಾಳೆ" ಎಂದು ಹೇಳಿಕೊಂಡು ತಿರುಗಿದಳು. ನಮ್ಮದು ಕುರಿ ಸಾಕುವ ಮನೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಕಾನೂನೆಲ್ಲ ಇಂಗ್ಲಿಷು. ಕನ್ನಡ ಅಕ್ಷರ ಕಲಿತದ್ದು ಮೂವತ್ತು ದಾಟಿದ ಮೇಲೆ, ಯಾರೂ ಹೇಳಿಕೊಡದೆ, ನನ್ನಷ್ಟಕ್ಕೆ ನಾನೇ. ಸೇಲಂನಲ್ಲಿ ನನ್ನ ಕನ್ನಡಕ್ಕೆ ಇದ್ದ ಕೆಲಸ ಒಂದೇ, ವಾರಕ್ಕೆರಡು ಸಲ ಅಣ್ಣನ ಜತೆ ಫೋನಿನಲ್ಲಿ ಮಾತಾಡುವುದು.

ಬೆಳಿಗ್ಗೆ ಸಂವಿಧಾನದ ಪಾಠ, ಮಧ್ಯಾಹ್ನ ಸಾಕ್ಷ್ಯ ಕಾನೂನಿನದು. ಎರಡನೆಯದರಲ್ಲಿ ನಾನು ಬಲು ಬಿಗಿ ಎಂದು ಹೆಸರಾಗಿತ್ತು. ಒಬ್ಬರು ನಿಮಗೆ ಏನಾದರೂ ಹೇಳಿದರೆ, ಹೇಳಿದವರು ಯಾರು, ಎಲ್ಲಿ ಹೇಳಿದರು, ಯಾವ ಭಾಷೆಯಲ್ಲಿ ಹೇಳಿದರು, ಅದನ್ನು ಅನುವಾದಿಸಿದವರು ಯಾರು, ಇಷ್ಟನ್ನೂ ಬರೆಯದ ಉತ್ತರಕ್ಕೆ ನಾನು ಅಂಕ ಕೊಡುತ್ತಿರಲಿಲ್ಲ. ಭಾಷೆಯನ್ನು ಬಿಟ್ಟು ಬರೆದ ಹೇಳಿಕೆ ಅರ್ಧ ಸುಳ್ಳು ಎಂದು ಬೋರ್ಡಿನ ಮುಂದೆ ನಿಂತು ಎಷ್ಟೋ ವರ್ಷ ಹೇಳಿದ್ದೇನೆ.

ನಿವೃತ್ತಿಗೆ ಇನ್ನೂ ಕೆಲವು ವರ್ಷ ಇದ್ದಾಗ ನನ್ನನ್ನು ಒಂದು ಪರಿಶೀಲನಾ ಸಮಿತಿಗೆ ಹಾಕಿದರು. ಧರ್ಮಪುರಿ ಕಡೆ ಒಂದು ಹೊಸ ಖಾಸಗಿ ಕಾನೂನು ಕಾಲೇಜು. ಅದಕ್ಕೆ ಮಾನ್ಯತೆ ಮುಂದುವರಿಸಬಹುದೇ ಎಂದು ನೋಡಿ ಬರುವುದು ನಮ್ಮ ಕೆಲಸ. ನಾವು ಮೂವರು. ಅಧ್ಯಕ್ಷರು ನನ್ನ ಪಿಎಚ್.ಡಿ. ಗೈಡ್ ಆಗಿದ್ದವರು. ಅವರೇ ನನಗೆ ಒಂದು ವಾಕ್ಯ ಸರಿಯಾಗಿ ಬರೆಯುವುದನ್ನು ಕಲಿಸಿದವರು. ಮೂರನೆಯ ಸದಸ್ಯರು ಕಾರು ಸೇಲಂ ದಾಟುವ ಮುಂಚೆ ನಿದ್ದೆ ಹೋದರು. ಆ ದಿನವೆಲ್ಲ ಅವರು ಎಚ್ಚರವಾಗಿದ್ದದ್ದು ಊಟದ ಹೊತ್ತಿಗೆ ಮತ್ತು ಸಹಿ ಹಾಕುವ ಹೊತ್ತಿಗೆ.

ಮೊರಪ್ಪೂರು ಸ್ಟೇಷನ್ ದಾಟಿ ಒಳದಾರಿಗೆ ತಿರುಗಿದ ಮೇಲೆ ಬರೀ ಮರಗೆಣಸಿನ ಹೊಲ. ಅದರ ನಡುವೆ ಮೂರಂತಸ್ತಿನ ಕಟ್ಟಡ ಒಂದೇ ಒಂದು ನಿಂತಿತ್ತು. ಸುತ್ತ ಒಂದು ಚಹಾದಂಗಡಿಯಿಲ್ಲ, ಜೆರಾಕ್ಸ್ ಅಂಗಡಿಯಿಲ್ಲ, ನಿಲ್ಲಿಸಿದ ಬೈಕುಗಳಿಲ್ಲ. ಕಾಲೇಜು ಇರುವ ಕಡೆ ಇವು ಇಲ್ಲದಿರುವುದನ್ನು ನಾನು ಎಂದೂ ಕಂಡಿರಲಿಲ್ಲ. ಕರೆಸ್ಪಾಂಡೆಂಟ್, ಎಂದರೆ ಆ ಕಾಲೇಜಿನ ಯಜಮಾನ, ಬಾಗಿಲಿಗೇ ಬಂದು ಕೈಮುಗಿದ. ಬಿಳಿ ಅಂಗಿ, ಸಣ್ಣ ದನಿ. ಪಕ್ಕದ ತಾಲೂಕಿನಲ್ಲಿ ಅವನ ಮನೆತನದ್ದೇ ಒಂದು ನೂಲಿನ ಮಿಲ್ಲು ಇದೆಯೆಂದು ದಾರಿಯಲ್ಲಿ ಅಧ್ಯಕ್ಷರು ಹೇಳಿದ್ದರು. ಅವನು ನನ್ನನ್ನು 'ಅಮ್ಮಾ' ಎಂದೇ ಕರೆದ. ನಿಮ್ಮ ಊರ ಕಡೆಯ ಕುರಿಯನ್ನೇ ಮಧ್ಯಾಹ್ನದ ಊಟಕ್ಕೆ ತರಿಸಿದ್ದೇನೆ, ನಿಮ್ಮ ಅಣ್ಣನವರ ಮಂದೆಯದ್ದೇ ಸಿಕ್ಕಿದ್ದರೆ ಇನ್ನೂ ಚೆನ್ನಾಗಿತ್ತು ಎಂದು ತಮಿಳಿನಲ್ಲಿ ಹೇಳಿ ನಕ್ಕ. ನನಗೆ ಅಣ್ಣನಿದ್ದಾನೆಂದು ನಾನು ಅಲ್ಲಿ ಯಾರಿಗೂ ಹೇಳಿರಲಿಲ್ಲ.

ಲೈಬ್ರರಿಯಲ್ಲಿ ಒಂದು ಪುಸ್ತಕ ತೆಗೆದು ನೋಡಿದೆ. ಕಾಲೇಜಿನ ಮುದ್ರೆಯ ಶಾಯಿ ನನ್ನ ಹೆಬ್ಬೆರಳಿಗೆ ಅಂಟಿತು. ಎರಡನೇ ವರ್ಷದ ತರಗತಿಯಲ್ಲಿ ನಲವತ್ತರಷ್ಟು ಮಂದಿ ಕೂತಿದ್ದರು, ಹೆಚ್ಚಿನವರು ಹುಡುಗಿಯರು. ಎಲ್ಲರ ಮುಂದೆಯೂ ಒಂದೇ ಬಗೆಯ ಹೊಸ ನೋಟ್‌ಬುಕ್ಕು, ಎಲ್ಲವೂ ಮೊದಲನೇ ಹಾಳೆಗೆ ತೆರೆದದ್ದು. ಮುಂದಿನ ಬೆಂಚಿನ ಹುಡುಗಿಯ ಕಿವಿಯ ಹಿಂದೆ, ಕೂದಲಲ್ಲಿ, ಹತ್ತಿಯ ಸಣ್ಣ ಎಳೆಗಳು ಸಿಕ್ಕಿಕೊಂಡಿದ್ದವು. ಈ ಗಂಟೆ ಯಾವ ಪಾಠ ಎಂದು ಅವಳನ್ನು ಕೇಳಿದೆ. ಅವಳು ನನ್ನ ಹಿಂದೆ ನಿಂತಿದ್ದ ಕರೆಸ್ಪಾಂಡೆಂಟ್‌ನನ್ನು ನೋಡಿದಳು.

ಆಗ ಅಣ್ಣನ ಫೋನು ಬಂತು. ಹೊರಗೆ ವರಾಂಡಕ್ಕೆ ಬಂದು, ಆಮೇಲೆ ಮಾಡ್ತೀನಿ, ಈಗ ಕೆಲಸದಲ್ಲಿದ್ದೀನಿ ಎಂದು ಕನ್ನಡದಲ್ಲಿ ಹೇಳಿ ಇಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಕೈ ತೊಳೆಯಲು ನಲ್ಲಿಯ ಹತ್ತಿರ ಹೋದಾಗ ತರಗತಿಯಲ್ಲಿ ಕೊನೆಯ ಸಾಲಿನಲ್ಲಿದ್ದ ಒಬ್ಬ ಹುಡುಗಿ ಲೋಟ ಹಿಡಿದುಕೊಂಡು ಬಂದಳು. ಹತ್ತೊಂಬತ್ತು ಇಪ್ಪತ್ತು ವರ್ಷ ಇದ್ದೀತು.

"ಅಕ್ಕಾ, ನಿಮ್ಗೆ ನಮ್ಮ ಮಾತು ಬತ್ತದಾ?"

ನಾನು ನಂಗವಳ್ಳಿಯ ಕಡೆಯವಳು ಎಂದೆ. ಅವಳು ಪಾಲಮಲೆಯವಳಂತೆ, ಕೊಳತ್ತೂರಿನ ಮೇಲಿನ ಬೆಟ್ಟದ ಹಳ್ಳಿ. ಬೆಟ್ಟದಿಂದ ಒಂದು ಹುಡುಗಿ ಕಾನೂನು ಓದಲು ಇಳಿದು ಬಂದಿದ್ದಾಳೆಂದು ನನಗೆ ನಿಜವಾಗಿಯೂ ಸಂತೋಷವಾಯಿತು. ಹೇಗಿದೆ ಓದು ಎಂದು ಕೇಳಿದೆ.

"ಓದೂ ಇಲ್ಲ ಏನೂ ಇಲ್ಲಕ್ಕಾ. ನಾವು ಮಿಲ್ಲೋರು. ಬೆಳಿಗ್ಗೆ ಆಸ್ಟೆಲ್ಲಿಂದ ಬಸ್ನಾಗೆ ಕರ್ಕಂಡು ಬಂದ್ರು. ಸುಮ್ಕೆ ಕುಂತ್ಕಳಿ, ಯಾರಾನ ಕೇಳಿದ್ರೆ ಸೆಕೆಂಡ್ ಇಯರ್ ಅನ್ನಿ ಅಂದ್ರು." ಲೋಟಕ್ಕೆ ನೀರು ಹಿಡಿದು, ಕುಡಿಯದೆ, ಅವಳು ಮೆಲ್ಲಗೆ ಸೇರಿಸಿದಳು: "ನನ್ನೆಸ್ರು ಬರೀಬ್ಯಾಡಿ."

ನಾನು ಅವಳ ಹೆಸರನ್ನು ಕೇಳಲೇ ಇಲ್ಲ. ಬರೆಯುವುದಿಲ್ಲ ಎಂದು ಮಾತು ಕೊಟ್ಟೆ.

ಮಾರನೆಯ ವಾರ ಅಧ್ಯಕ್ಷರ ಕಡೆಯಿಂದ ಸಮಿತಿಯ ವರದಿ ಟೈಪಾಗಿ ಬಂತು. ಎಲ್ಲವೂ ತೃಪ್ತಿಕರ ಎಂದಿತ್ತು. ನಾನು ಸಹಿ ಹಾಕದೆ ಪ್ರತ್ಯೇಕವಾಗಿ ಎರಡು ಪುಟದ ಭಿನ್ನಾಭಿಪ್ರಾಯ ಬರೆದೆ. ಶಾಯಿ, ನೋಟ್‌ಬುಕ್ಕು, ಹತ್ತಿಯ ಎಳೆ ಎಲ್ಲ ಬಂದವು. ಕೊನೆಗೆ ಒಂದು ವಾಕ್ಯ: ತರಗತಿಯಲ್ಲಿ ಕೂತಿದ್ದವರಲ್ಲಿ ಒಬ್ಬರು, ತಾವೆಲ್ಲ ಮಿಲ್ಲಿನ ಕೆಲಸಗಾರರು ಎಂದು ನನಗೆ ಕನ್ನಡದಲ್ಲಿ ಹೇಳಿದರು, ಅನುವಾದ ನನ್ನದು. ಹೆಸರಿಲ್ಲ, ಊರಿಲ್ಲ, ಹೆಣ್ಣೋ ಗಂಡೋ ಎಂಬುದೂ ಇಲ್ಲ. ಮಾತು ಉಳಿಸಿಕೊಂಡೆನೆಂದೇ ತಿಳಿದಿದ್ದೆ.

ಅದನ್ನು ಅಧ್ಯಕ್ಷರ ಮನೆಗೆ ತೆಗೆದುಕೊಂಡು ಹೋದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಆಮೇಲೆ 'ಕನ್ನಡದಲ್ಲಿ' ಎಂಬ ಮಾತಿನ ಮೇಲೆ ಬೆರಳಿಟ್ಟು, ಇದು ಬೇಕೇ ಎಂದು ಕೇಳಿದರು. ಭಾಷೆಯನ್ನು ನಮೂದಿಸದ ಹೇಳಿಕೆಗೆ ಬೆಲೆಯಿಲ್ಲ, ನೀವೇ ಕಲಿಸಿದ್ದು ಎಂದೆ. ಅವರು ಇನ್ನೂ ಸ್ವಲ್ಪ ಹೊತ್ತು ಆ ಬೆರಳನ್ನು ಅಲ್ಲೇ ಇಟ್ಟುಕೊಂಡಿದ್ದರು. ವರದಿಯ ಹಲ್ಲು ಕೀಳಲು ನೋಡುತ್ತಿದ್ದಾರೆ, ಮುದುಕರಾದರು, ಹೆದರಿದ್ದಾರೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡು, ಒಂದಕ್ಷರವನ್ನೂ ಬದಲಿಸದೆ ಅದನ್ನು ಅವರ ಕೈಗೇ ಕೊಟ್ಟು ಎದ್ದು ಬಂದೆ.

ತಿಂಗಳು ಕಳೆಯಿತು, ಏನೂ ಆಗಲಿಲ್ಲ. ಯಾರೂ ಕರೆಯಲಿಲ್ಲ, ಕೇಳಲಿಲ್ಲ. ಒಂದು ದಿನ ಬೆಳಿಗ್ಗೆ ಸಂವಿಧಾನದ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ನಡುವಯಸ್ಸಿನ ಒಬ್ಬ ಗಂಡಸು ಕೂತಿದ್ದ. ಯಾರದೋ ತಂದೆ ಇರಬೇಕೆಂದುಕೊಂಡೆ. ಫೋನನ್ನು ಮೇಜಿನ ಮೇಲೆ ನನ್ನ ಕಡೆಗೆ ನಿಲ್ಲಿಸಿ ಇಟ್ಟಿದ್ದ. ಗಂಟೆ ಹೊಡೆದಾಗ ಹತ್ತಿರ ಹೋಗಿ, ಯಾರು ಬೇಕಿತ್ತು ಎಂದೆ. ನಿಮ್ಮ ಪಾಠ ಚೆನ್ನಾಗಿರುತ್ತದೆಂದು ಕೇಳಿ ಬಂದೆ ಎಂದು ವಿನಯವಾಗಿ ಹೇಳಿ ಇಳಿದು ಹೋದ. ಯಾವ ವಿದ್ಯಾರ್ಥಿಗೂ ಅವನು ಗೊತ್ತಿರಲಿಲ್ಲ. ಅವನು ಇನ್ನೂ ಎರಡು ಸಲ ಬಂದ. ಮೂರನೆಯ ಸಲ ನಾನು ಮೂಲಭೂತ ಹಕ್ಕುಗಳ ಬಗ್ಗೆ ಹೇಳುತ್ತಿದ್ದೆ. ಮಾತು ನಡುವೆ ಎಲ್ಲಿಗೆ ಬಂದಿತ್ತೆಂಬುದೇ ಮರೆತು ನಿಂತುಬಿಟ್ಟೆ. ಪಾಠ ಹೇಳಲು ಶುರುಮಾಡಿದ ಮೇಲೆ ಹಾಗೆ ಆದದ್ದು ಅದೇ ಮೊದಲು.

ಆ ವಾರವೇ ಅಣ್ಣ ಫೋನು ಮಾಡಿದ. ಇಬ್ಬರು ಬಂದು ಮಂದೆಯನ್ನೆಲ್ಲ ಒಟ್ಟಿಗೆ ಕೊಳ್ಳುತ್ತೇವೆ ಎಂದರಂತೆ.

"ಕುರಿ ಕಡೆ ತಿರುಗೂ ನೋಡ್ಲಿಲ್ಲ ಕಣವ್ವ. ಮನೆ ನೋಡಿದ್ರು. ನಿನ್ ತಂಗಿ ಯಾವತ್ ಬತ್ತಾಳೆ, ಯಾವ ಬಸ್ನಾಗೆ ಬತ್ತಾಳೆ ಅಂದ್ರು."

ನೀನೇನು ಹೇಳಿದೆ ಎಂದು ಕೇಳಿದೆ. ಅವಳು ಬರೋದೇ ಕಡಿಮೆ ಎಂದನಂತೆ. ಆ ವರ್ಷ ದೀಪಾವಳಿಗೆ ನಾನು ಊರಿಗೆ ಹೋಗಲಿಲ್ಲ.

ನನಗೆ ಹೆದರಿಕೆಯಾದದ್ದು ನನ್ನ ವಿಷಯಕ್ಕೆ. ಹುಡುಗಿಯ ನೆನಪು ಆಗಾಗ ಬರುತ್ತಿತ್ತು, ನಿಜ. ಆದರೆ ಅವಳನ್ನು ಯಾರೂ ಗುರುತಿಸಲಾರರು ಎಂಬ ಧೈರ್ಯವಿತ್ತು. ಆ ಧೈರ್ಯ ಒಂದು ರಿಜಿಸ್ಟರ್ಡ್ ಪತ್ರ ಬರುವವರೆಗೆ ಇತ್ತು. ಕಾಲೇಜಿನವರ ದೂರಿನ ಮೇಲೆ ನನ್ನ ವಿರುದ್ಧ ಇಲಾಖಾ ವಿಚಾರಣೆ. ಆರೋಪ ಇಷ್ಟು: ಪರಿಶೀಲನೆಯ ದಿನ ಕಟ್ಟಡ ಗುಡಿಸಲು ಮಿಲ್ಲಿನಿಂದ ಬಂದಿದ್ದ ಒಬ್ಬ ಕೆಲಸಗಾರ್ತಿಯನ್ನು ನಾನು ನಲ್ಲಿಯ ಬಳಿ ಪುಸಲಾಯಿಸಿ, ಸುಳ್ಳು ಹೇಳಿಸಿ, ಸಂಸ್ಥೆಗೆ ಕೆಟ್ಟ ಹೆಸರು ತಂದೆ. ಜತೆಗೆ ಅವಳು ತಮಿಳಿನಲ್ಲಿ ಸಹಿ ಮಾಡಿದ ಹೇಳಿಕೆಯ ಪ್ರತಿ ಇತ್ತು. ಅವಳ ಹೆಸರನ್ನು ನಾನು ಮೊದಲು ಓದಿದ್ದು ಆ ಕಾಗದದಲ್ಲಿ.

ಪತ್ರ ಕೈಯಲ್ಲಿ ಹಿಡಿದು ಸ್ಟಾಫ್ ರೂಮಿನಲ್ಲಿ ಕೂತಿದ್ದಾಗ ಎಲ್ಲ ಸ್ಪಷ್ಟವಾಯಿತು. ಅವರು ನಲವತ್ತು ಜನರನ್ನು ಹೊಡೆದು ಬಡಿದು ಕೇಳಬೇಕಾಗಿರಲಿಲ್ಲ. ಆ ಬಸ್ಸಿನಲ್ಲಿ ಬಂದವರಲ್ಲಿ ಕನ್ನಡ ಯಾರಿಗೆ ಬರುತ್ತದೆ ಎಂದು ಹಾಸ್ಟೆಲಿನ ವಾರ್ಡನ್ ಒಂದು ಮಾತು ಕೇಳಿದ್ದರೆ ಸಾಕಾಗಿತ್ತು. ಮುಚ್ಚಿಟ್ಟ ಹೆಸರನ್ನು ನಾನೇ ಬರೆದುಕೊಟ್ಟಿದ್ದೆ. ನನ್ನ ಗೈಡ್ ಬೆರಳಿಟ್ಟು ತೋರಿಸಿದ್ದೂ ಅದನ್ನೇ. ಅಂದು ಅವರು ಎಚ್ಚರಿಸುತ್ತಿದ್ದರೋ, ಅಥವಾ ಆ ಮಾತನ್ನು ಗುರುತು ಹಾಕಿಕೊಳ್ಳುತ್ತಿದ್ದರೋ, ಇವತ್ತಿಗೂ ನನಗೆ ತಿಳಿಯದು.

ವಿಚಾರಣೆಗೆ ನಾನೇ ನನ್ನ ವಕೀಲೆ. ಸಾಕ್ಷಿಯನ್ನು ಪಾಟೀಸವಾಲು ಮಾಡುವ ಹಕ್ಕು ನನಗಿತ್ತು. ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆ. ಗುಡಿಸಲು ಬಂದೆ ಎನ್ನುತ್ತೀಯಲ್ಲ, ಪೊರಕೆ ಎಲ್ಲಿಟ್ಟಿರುತ್ತಾರೆ? ಗುಡಿಸುವವಳಿಗೆ ನೋಟ್‌ಬುಕ್ಕು ಕೊಟ್ಟವರು ಯಾರು? ಬಸ್ಸಿನಲ್ಲಿ ಎಷ್ಟು ಮಂದಿ ಬಂದಿರಿ, ಅಷ್ಟೂ ಮಂದಿ ಗುಡಿಸಿದಿರಾ? ನಾಲ್ಕನೆಯ ಪ್ರಶ್ನೆಗೆ ಹೋಗುವ ಮುಂಚೆಯೇ ಅವಳ ಹೇಳಿಕೆ ಕುಸಿಯುತ್ತದೆಂದು ನನಗೆ ಗೊತ್ತಿತ್ತು. ಹೇಳಲು ನಾಚಿಕೆಯಾಗುತ್ತದೆ, ಆ ಹಾಳೆ ಬರೆಯುವಾಗ ನನಗೆ ಒಂದು ಬಗೆಯ ಹುರುಪೂ ಇತ್ತು. ಅಷ್ಟು ವರ್ಷ ಕಲಿಸಿದ್ದನ್ನು ಮೊದಲ ಸಲ ನಾನೇ ಮಾಡಿ ತೋರಿಸುವವಳಿದ್ದೆ.

ಅವಳನ್ನು ವಾರ್ಡನ್ ಕರೆತಂದಳು. ತೂಕ ಇಳಿದಿದ್ದಳು. ವಾರ್ಡನ್ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಳು. ವಿಚಾರಣಾಧಿಕಾರಿ, ಒಬ್ಬ ನಿವೃತ್ತ ಅಧಿಕಾರಿ, ಹೇಳಿಕೆಯನ್ನು ತಮಿಳಿನಲ್ಲಿ ಓದಿ, ಇದು ನಿನ್ನದೇ ತಾನೇ ಎಂದರು. ಹೌದು ಎಂದಳು. ಆಮೇಲೆ ಅವರು ನನ್ನ ಕಡೆ ತಿರುಗಿ ಪ್ರಶ್ನೆಗಳಿದ್ದರೆ ಕೇಳಬಹುದು, ತಮಿಳಿನಲ್ಲೇ ಕೇಳಬೇಕು ಎಂದರು.

ನಾನು ಹಾಳೆ ಹಿಡಿದು ಎದ್ದು ನಿಂತೆ. ಹುಡುಗಿ ಆವರೆಗೆ ತಲೆ ತಗ್ಗಿಸಿಯೇ ಇದ್ದವಳು ಒಂದು ಸಲ ನನ್ನನ್ನು ನೋಡಿದಳು. ನೋಡಿ, ವಾರ್ಡನ್‌ಗೆ ಕಾಣದಷ್ಟು ಸಣ್ಣದಾಗಿ, ಬೇಡ ಎನ್ನುವಂತೆ ತಲೆಯಾಡಿಸಿದಳು. ಕೋಪವಿರಲಿಲ್ಲ ಆ ಮುಖದಲ್ಲಿ. ಕೆರೆಯ ಆ ದಡದಿಂದ, ನೀರು ಆಳವಿದೆ ಇಳಿಯಬೇಡ ಎಂದು ಕೈಯಾಡಿಸುವವರ ಹಾಗೆ ಇತ್ತು.

ಕೇಳುವುದು ಏನೂ ಇಲ್ಲ ಎಂದು ಹೇಳಿ ಕೂತೆ. ವಿಚಾರಣಾಧಿಕಾರಿಗೆ ಆಶ್ಚರ್ಯವಾಯಿತು. ಏನೂ ಇಲ್ಲವೇ ಎಂದು ಮತ್ತೆ ಕೇಳಿ ಬರೆದುಕೊಂಡರು.

ಆರೋಪ ಸಾಬೀತಾಯಿತು. ನನ್ನ ಬಡ್ತಿ ನಿಂತಿತು. ಪರೀಕ್ಷೆ, ಪರಿಶೀಲನೆ ಯಾವುದಕ್ಕೂ ನನ್ನನ್ನು ಹಾಕಬಾರದು ಎಂದು ಆದೇಶವಾಯಿತು. ಎರಡನೆಯ ಸಮಿತಿಯೊಂದು ಹೋಗಿ ಬಂದು, ಕಾಲೇಜಿಗೆ ಮಾನ್ಯತೆ ಸಿಕ್ಕಿತು. ನಾನು ಆದೇಶದ ವಿರುದ್ಧ ಮೇಲ್ಮನವಿ ಬರೆದು ಕಳಿಸಿದೆ. ಆಮೇಲೆ ಬೇಸಿಗೆ ರಜೆಯಲ್ಲಿ, ಅಣ್ಣನಿಗೊಬ್ಬನಿಗೆ ಹೇಳಿ, ಬೆಟ್ಟ ಹತ್ತಿದೆ. ಹುಡುಗಿಯನ್ನು ಮಿಲ್ಲಿನಿಂದ ಮನೆಗೆ ಕಳಿಸಿದ್ದಾರೆಂದು ಅವನೇ ಯಾರಿಂದಲೋ ವಿಚಾರಿಸಿ ತಿಳಿದಿದ್ದ.

ಕೊಳತ್ತೂರಿನಿಂದ ಜೀಪು. ಕಲ್ಲು ದಾರಿಯಲ್ಲಿ ಅದು ನಾಲ್ಕು ಕಡೆ ನಿಂತು ನಿಂತು ಹತ್ತಿತು. ಮನೆಯ ಮುಂದೆ ಅವಳ ತಾಯಿ ರಾಗಿ ಹಸನು ಮಾಡುತ್ತಿದ್ದರು. ನಾನು ಯಾರೆಂದು ಹೇಳಿದ ಕೂಡಲೇ ಮೊರವನ್ನು ಕೆಳಗಿಟ್ಟು ಒಳಗೆ ಹೋದವರು ಮತ್ತೆ ಬರಲಿಲ್ಲ. ಹುಡುಗಿ ಬಂದು ಜಗಲಿಯ ಮೇಲೆ ಚಾಪೆ ಹಾಕಿದಳು. ನಾನು ಕ್ಷಮೆ ಕೇಳಿದೆ. ಒಂದು ಮಾತು ಬರೆದು ನಿನ್ನನ್ನು ಹಿಡಿದುಕೊಟ್ಟೆ ಎಂದೆ. ಅವಳಿಗೆ ಅದು ಪೂರ್ತಿ ಅರ್ಥವಾಯಿತೋ ಇಲ್ಲವೋ.

"ಯಾಕೇಳ್ದೆ ಅಂತ ನಂಗೂ ತಿಳೀದಕ್ಕಾ. ನಮ್ಮ ಮಾತು ಕೇಳ್ತು, ಬಾಯಿಗ್ ಬಂತು, ಏಳ್ಬುಟ್ಟೆ."

ಸಹಿ ಯಾಕೆ ಹಾಕಿದೆ ಎಂದು ನಾನು ಕೇಳಲಿಲ್ಲ. ಅವಳೇ ಹೇಳಿದಳು. ಅವಳ ತಂಗಿಯೂ ಅದೇ ಮಿಲ್ಲಿನಲ್ಲಿದ್ದಾಳೆ. ಪರಿಶೀಲನೆಯ ದಿನ ಅವಳಿಗೆ ಶಿಫ್ಟು ಇದ್ದದ್ದರಿಂದ ಬಸ್ಸಿನಲ್ಲಿ ಬಂದಿರಲಿಲ್ಲ. "ನನ್ನ ಕಳ್ಸುದ್ರು, ಅವ್ಳನ್ನ ಇಕ್ಕಂಡವ್ರೆ. ಮೂರೊರ್ಸ ಮುಗೀಲಿ ಅಂತಾರೆ. ಭಾನುವಾರ ಪೋನ್ ಕೊಡ್ತಾರೆ. ವಾರ್ಡನ್ ಪಕ್ದಾಗೇ ನಿಂತಿರ್ತಾಳೆ. ಚೆಂದಾಗಿವ್ನಿ ಅಂತಾಳೆ. ಒಂದೇ ಮಾತು, ವಾರವಾರವೂ ಅದೇ."

ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು, ಅವಳನ್ನು ಕರೆತಂದು ನಿಲ್ಲಿಸುವಂತೆ ಮಾಡಬಹುದು ಎಂದೆ. ಹೇಳುವಾಗಲೇ ಮುಂದಿನದು ನನಗೆ ಕಾಣುತ್ತಿತ್ತು. ಮಿಲ್ಲಿನಲ್ಲಿ ಮೂರು ವರ್ಷ ದುಡಿಯುವ ಒಪ್ಪಂದಕ್ಕೆ ತಂಗಿ ತಾನೇ ಸಹಿ ಹಾಕಿದ್ದಾಳೆ, ತಂದೆ ಹೆಬ್ಬೆಟ್ಟು ಒತ್ತಿದ್ದಾರೆ. ಅವಳನ್ನು ಕರೆತಂದರೆ ಅವಳೂ ವಾರ್ಡನ್ ಮುಂದೆ ನಿಂತು, ಚೆನ್ನಾಗಿದ್ದೇನೆ, ನನ್ನಿಷ್ಟದಿಂದಲೇ ಇದ್ದೇನೆ ಎಂದು ತಮಿಳಿನಲ್ಲಿ ಹೇಳುತ್ತಾಳೆ. ಆಮೇಲೆ ಅದೇ ವಾರ್ಡನ್ ಜತೆ ಅದೇ ಹಾಸ್ಟೆಲಿಗೆ ಹೋಗುತ್ತಾಳೆ. ಹುಡುಗಿ ನನ್ನ ಕೈ ಹಿಡಿದು, ಏನೂ ಮಾಡ್ಬ್ಯಾಡಿ, ಅಷ್ಟು ಮಾಡಿ ಸಾಕು ಎಂದಳು. ಜೀಪು ಹೊರಡುವವರೆಗೂ ತಾಯಿ ಒಳಗೇ ಇದ್ದರು. ಬಾಗಿಲ ಸಂದಿಯಲ್ಲಿ ಅವರ ಸೀರೆಯ ಅಂಚು ಕಾಣುತ್ತಿತ್ತು.

ಸೇಲಂಗೆ ಬಂದು ಎರಡು ದಿನವಾಗಿತ್ತು. ಹತ್ತು ಗಂಟೆಯ ಸುಮಾರಿಗೆ ಮಾರ್ಕೆಟ್ಟಿನಲ್ಲಿ ತರಕಾರಿ ಕೊಳ್ಳುತ್ತಿದ್ದಾಗ ನನ್ನ ಗೈಡ್ ಫೋನು ಮಾಡಿದರು. ವಿಚಾರಣೆಯ ನಂತರ ಅವರು ನನ್ನೊಡನೆ ಮಾತಾಡಿರಲಿಲ್ಲ. ಪಾಲಮಲೆಯ ದಾರಿ ಬಹಳ ಕೆಟ್ಟದ್ದಮ್ಮ, ಈ ವಯಸ್ಸಿನಲ್ಲಿ ಜೀಪು ಹತ್ತಿದರೆ ಸೊಂಟ ಹೋಗುತ್ತದೆ ಎಂದರು. ಮೇಲ್ಮನವಿ ಯಾವ ಹಂತದಲ್ಲಿದೆ ಎಂದು ಕೇಳಿದರು. ಆಗ ಪಕ್ಕದಿಂದ ಇನ್ನೊಂದು ಸಣ್ಣ ದನಿ ಅವರಿಗೆ ಏನೋ ಹೇಳಿಕೊಟ್ಟಿತು. ಅವರು ಅದನ್ನೇ ಮಗ್ಗಿ ಒಪ್ಪಿಸುವವರಂತೆ ನನಗೆ ಒಪ್ಪಿಸಿದರು: ಆ ಚಿಕ್ಕ ಹುಡುಗಿ ಮಿಲ್ಲಿನಲ್ಲಿ ಚೆನ್ನಾಗಿದ್ದಾಳಂತೆ, ಊಟ ಚೆನ್ನಾಗಿ ಮಾಡುತ್ತಾಳಂತೆ, ನೀವು ಯೋಚನೆ ಮಾಡಬೇಡಿ.

"ಸರ್, ನಿಮ್ಮ ಪಕ್ಕದಲ್ಲಿ ಯಾರಿದ್ದಾರೆ?" ಎಂದು ತಮಿಳಿನಲ್ಲಿ ಕೇಳಿದೆ.

ಫೋನು ಕಟ್ಟಾಯಿತು. ನಾನು ಮಾರ್ಕೆಟ್ಟಿನ ನಡುವೆ ಕೈಚೀಲ ಹಿಡಿದು ನಿಂತು ಸುತ್ತ ನೋಡಿದೆ. ಎಲ್ಲರೂ ತಮ್ಮ ತಮ್ಮ ವ್ಯಾಪಾರದಲ್ಲಿದ್ದರು. ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಆದರೂ ತರಕಾರಿಯವಳ ಚಿಲ್ಲರೆಗೆ ಕಾಯದೆ ಮನೆಗೆ ನಡೆದೆ.

ಮರುದಿನ ಮೇಲ್ಮನವಿಯನ್ನು ಹಿಂದಕ್ಕೆ ಪಡೆದೆ. ಕಾರಣದ ಜಾಗದಲ್ಲಿ 'ವೈಯಕ್ತಿಕ' ಎಂದು ಬರೆದೆ. ಸಹೋದ್ಯೋಗಿಗಳು, ತಪ್ಪು ಮಾಡಿಲ್ಲದಿದ್ದರೆ ಯಾಕೆ ಹಿಂದೆಗೆಯುತ್ತಾಳೆ ಎಂದು ಮಾತಾಡಿಕೊಂಡರು. ಅವರ ಜಾಗದಲ್ಲಿದ್ದರೆ ನಾನೂ ಹಾಗೆಯೇ ಅನ್ನುತ್ತಿದ್ದೆ. ಅಣ್ಣ ಮಂದೆಯಲ್ಲಿ ಅರ್ಧ ಮಾರಿ, ಇನ್ನರ್ಧವನ್ನು ಮಾವನ ಊರಿಗೆ ಅಟ್ಟಿದ. ಮನೆಗೆ ಬಂದ ಆ ಇಬ್ಬರು ಮತ್ತೆ ಬರಲಿಲ್ಲ. ತರಗತಿಗೂ ಯಾರೂ ಬರಲಿಲ್ಲ. ಬರಬೇಕಾದ ಅಗತ್ಯ ಅವರಿಗೆ ಉಳಿದಿರಲಿಲ್ಲ. ನನಗೆ ಮಾತ್ರ ಪಾಠ ಹೇಳುವಾಗ ಮೊದಲು ಕೊನೆಯ ಬೆಂಚನ್ನು ನೋಡುವುದು ರೂಢಿಯಾಯಿತು.

ಪಾಲಮಲೆಯ ಹುಡುಗಿ ನನ್ನ ನಂಬರು ಇಟ್ಟುಕೊಂಡಿದ್ದಳು. ಭಾನುವಾರ ತಂಗಿಯ ಜತೆ ಮಾತಾದ ಮೇಲೆ ನನಗೆ ಒಂದು ಮಿಸ್ಡ್ ಕಾಲ್ ಕೊಡುತ್ತಿದ್ದಳು, ಎಲ್ಲ ಸರಿಯಾಗಿದೆ ಎಂಬುದಕ್ಕೆ. ವರ್ಷದ ಮೇಲೆ ಕೆಲವು ತಿಂಗಳು ಹೀಗೇ ನಡೆಯಿತು. ಒಂದು ಭಾನುವಾರ ಕಾಲ್ ಬರಲಿಲ್ಲ. ಮುಂದಿನ ಭಾನುವಾರವೂ ಇಲ್ಲ. ನಾನು ಮಾಡಿದರೆ ಸ್ವಿಚ್ ಆಫ್. ಆ ಹದಿನೈದು ದಿನ ನಾನು ಪತ್ರಿಕೆ ತೆರೆಯುವಾಗ ಜಿಲ್ಲಾ ಸುದ್ದಿಯ ಪುಟವನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದೆ.

ಆಮೇಲೆ ಒಂದು ಬುಧವಾರ ಮಧ್ಯಾಹ್ನ, ಎರಡು ತರಗತಿಗಳ ನಡುವೆ, ಫೋನು ಬಂತು. ಈ ಸಲ ಮಿಸ್ಡ್ ಕಾಲ್ ಅಲ್ಲ.

"ಬಂದ್ಲು ಕಣಕ್ಕಾ. ಬೆಳಿಗ್ಗೆ ಜೀಪ್ನಾಗೆ ಬುಟ್ಟೋದ್ರು."

ನಾನು ಮೆಟ್ಟಿಲ ಮೇಲೆ ಕೂತೆ. ಹೇಗಿದ್ದಾಳೆ, ಏನಾದರೂ ಹೇಳಿದಳೇ ಎಂದು ಕೇಳಿದೆ.

"ಏನೂ ಏಳಲ್ಲ. ಮಾತೇ ಆಡಲ್ಲ. ಅವ್ವ ಕನ್ನಡದಾಗೆ ಕರದ್ರೆ ವಾರ್ಡನ್ ನಿಂತವ್ಳೇನೋ ಅನ್ನಂಗೆ ಬಾಗ್ಲು ಕಡೆ ನೋಡ್ತಾಳೆ. ಈಗ ಮಲಗವ್ಳೆ."

ಮಲಗಲಿ, ಎಬ್ಬಿಸಬೇಡ, ಏನೂ ಕೇಳಬೇಡ ಎಂದೆ. ಮೇಲೆ ಗಂಟೆ ಹೊಡೆಯಿತು. ವಿದ್ಯಾರ್ಥಿಗಳು ನನ್ನನ್ನು ಬಳಸಿಕೊಂಡು ಮೆಟ್ಟಿಲು ಹತ್ತಿ ಹೋದರು. ಕೆಲವರು ನಿಂತು, ಮೇಡಂ, ಕ್ಲಾಸ್ ಇದೆಯಾ ಎಂದು ಕೇಳಿದರು. ಇದೆ, ಬರುತ್ತೇನೆ, ನಡೆಯಿರಿ ಎಂದೆ.